ವೇಗಕ್ಕೊಂದು ಮರ್ಯಾದೆ

ಮುಂಬಯಿಯಲ್ಲಿ ವೇಗದ ಮಿತಿ ಮೀರಬೇಕಾದರೆ ಮೊದಲು ಗಾಡಿ ಮುಂದೆ ಹೋಗಬೇಕು. ಬೆಳಿಗ್ಗೆ ಒಂಬತ್ತಕ್ಕೆ ಘಾಟ್ಕೋಪರ್ ಸ್ಟೇಷನ್ ಹತ್ತಿರ ಸಿಕ್ಕಿಹಾಕಿಕೊಂಡವನಿಗೆ ಕಾನೂನು ಮುರಿಯುವ ಆಸೆ ಎಷ್ಟಿದ್ದರೂ ಅವಕಾಶ ಸಿಗುವುದಿಲ್ಲ. ಆದರೂ ಈ ಊರಿನ ಜನ ಹೇಗೋ ಜಾಗ ಮಾಡಿಕೊಂಡು, ಇರುವ ನಾಲ್ಕು ಮಾರು ರಸ್ತೆಯಲ್ಲೇ ಮಿತಿ ಮೀರುತ್ತಾರೆ. ಮೀರಿ ಸಿಕ್ಕಿಬೀಳುತ್ತಾರೆ. ಸಿಕ್ಕಿಬಿದ್ದ ಮೇಲೆ ಕಥೆ ಹೇಳುತ್ತಾರೆ. ಆ ಕಥೆಗಳಲ್ಲಿ ಅರ್ಧ ನನ್ನ ಕಿವಿಗೆ ಬೀಳುತ್ತವೆ, ಇನ್ನರ್ಧ ನನ್ನ ಪಕ್ಕದ ಸೀಟಿನಲ್ಲೇ ನಡೆಯುತ್ತವೆ. ಯಾಕೆಂದರೆ ನಾನು ಡ್ರೈವಿಂಗ್ ಕಲಿಸುವವನು.

ಕುಂದಾಪುರದ ಕಡೆಯಿಂದ ಹೋಟೆಲ್ ಕೆಲಸಕ್ಕೆಂದು ಬಂದವನು ನಾನು. ದೋಸೆ ಮಗುಚುವುದಕ್ಕಿಂತ ಸ್ಟೀರಿಂಗ್ ತಿರುಗಿಸುವುದು ಸುಲಭ ಅನ್ನಿಸಿ ಈ ಕಡೆ ಹೊರಳಿದೆ. ಹತ್ತನೇ ಕ್ಲಾಸಿನಲ್ಲಿ ಎರಡು ಸಲ ಫೇಲಾದವನನ್ನು ಇಪ್ಪತ್ತೆರಡು ವರ್ಷದಿಂದ ಜನ 'ಮಾಸ್ಟ್ರೇ' ಅಂತ ಕರೆಯುತ್ತಿದ್ದಾರೆ. ಕಲಿಸುವ ಕಾರಿನಲ್ಲಿ ನನ್ನ ಕಾಲಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಬೇರೆ ಮಾಸ್ತರರಿಗೆ ಬೆತ್ತ ಇದ್ದ ಹಾಗೆ ನನಗೆ ಅದು.

ಬೋರ್ಡು ಓದಿದವನು

ವಿಜಯಪುರ ಕಡೆಯ ಒಬ್ಬ ಮೇಸ್ತ್ರಿ ಕಲಿಯಲಿಕ್ಕೆ ಬಂದಿದ್ದ. ಕಟ್ಟಡದ ಕೆಲಸದಲ್ಲಿ ಹದಿನೈದು ವರ್ಷ ಸವೆಸಿದವನು. ಇನ್ನು ಮುಂದೆ ಸೈಟಿನ ಪಿಕಪ್ಪನ್ನೂ ನೀನೇ ಓಡಿಸು ಅಂತ ಅವನ ಕಂತ್ರಾಟುದಾರ ಹೇಳಿದ್ದನಂತೆ. ಊರಲ್ಲಿ ಟ್ರ್ಯಾಕ್ಟರ್ ಹೊಡೆದು ಗೊತ್ತಿದ್ದ ಕೈ. ಎರಡೇ ದಿನಕ್ಕೆ ಗೇರು, ಕ್ಲಚ್ಚು ಎಲ್ಲ ಹದವಾಯಿತು. ಮರಾಠಿ ಅಷ್ಟಕ್ಕಷ್ಟೇ. ಆದರೆ ಶಾಲೆಯಲ್ಲಿ ಹಿಂದಿ ಕಲಿತಿದ್ದರಿಂದ ರಸ್ತೆ ಬದಿಯ ಬೋರ್ಡುಗಳನ್ನು ಒಂದೂ ಬಿಡದೆ ಓದುತ್ತಿದ್ದ.

ಐದನೆಯ ದಿನ ವಡಾಲದ ಕಡೆ ಕರೆದುಕೊಂಡು ಹೋದೆ. ಎದುರಿಗೆ ದೊಡ್ಡ ಬೋರ್ಡು. 'ವೇಗ ಮರ್ಯಾದಾ' ಅಂತ ಬರೆದು ಕೆಳಗೆ ನಲವತ್ತು. ಅದನ್ನು ನೋಡಿದ್ದೇ ತಡ, ಈ ಮನುಷ್ಯ ಆಕ್ಸಿಲರೇಟರ್ ತುಳಿದ. ಮುಳ್ಳು ಅರವತ್ತೈದಕ್ಕೆ ಹೋಯಿತು. ನಾನು ನನ್ನ ಬ್ರೇಕ್ ಮೇಲೆ ನಿಂತೇ ಬಿಟ್ಟೆ.

"ಏನ್ರೀ ಇದು? ಬೋರ್ಡು ನೋಡಲಿಲ್ವಾ?"

"ನೋಡೀನಲ್ರೀ. ನೋಡೇ ಒತ್ತಿದ್ದು."

"ಏನು ಬರೆದಿತ್ತು ಅದರಲ್ಲಿ?"

"ವೇಗ ಮರ್ಯಾದಾ, ನಲವತ್ತ. ಅಂದ್ರ ಇಲ್ಲಿ ವೇಗಕ್ಕ ಮರ್ಯಾದಿ ಕೊಡ್ತಾರ, ಅದು ನಲವತ್ತರಿಂದ ಶುರು. ಅದಕ್ಕೂ ಕಡಿಮಿ ಹೋದಾಂವಗ ಮರ್ಯಾದಿ ಇಲ್ಲ."

ಮರಾಠಿಯಲ್ಲಿ ಮರ್ಯಾದಾ ಅಂದರೆ ಮಿತಿ, ನಮ್ಮ ಮರ್ಯಾದೆ ಅಲ್ಲ ಅಂತ ಬಿಡಿಸಿ ಹೇಳಿದೆ. ಅವನು ಗಾಡಿಯನ್ನು ರಸ್ತೆ ನಡುವೆಯೇ ನಿಲ್ಲಿಸಿಕೊಂಡು ಗಂಭೀರವಾಗಿ ಯೋಚಿಸಿದ.

"ಹಂಗಾದ್ರ ನಮ್ಮ ಮರ್ಯಾದಿಗೆ ಈ ಊರಾಗ ಏನಂತಾರ್ರೀ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಂದು ಟೆಂಪೋ ಬಂತು. ಅದರ ಡ್ರೈವರ್ ತಲೆ ಹೊರಗೆ ಹಾಕಿ, ನಮ್ಮಿಬ್ಬರ ತಾಯಂದಿರನ್ನೂ ತಂಗಿಯರನ್ನೂ ಒಂದೇ ಉಸಿರಿನಲ್ಲಿ ನೆನೆದು ಮುಂದೆ ಹೋದ.

ಮೇಸ್ತ್ರಿ ಸಮಾಧಾನವಾಗಿ ಗೇರು ಹಾಕಿದ. "ಬಿಡ್ರಿ, ಆ ಶಬ್ದ ಇಲ್ಲಿ ಬೇಕಾಗಂಗಿಲ್ಲ."

ಶಾಲೆಯ ಎದುರು ಎಷ್ಟು?

ಕಲಿಯುವವರ ಲೈಸೆನ್ಸಿಗೆ ಕಂಪ್ಯೂಟರಿನ ಮುಂದೆ ಕೂತು ಪರೀಕ್ಷೆ ಬರೆಯಬೇಕು. ಪ್ರಶ್ನೆ ಬರುತ್ತದೆ, ಕೆಳಗೆ ಉತ್ತರಗಳಿರುತ್ತವೆ, ಸರಿಯಾದದ್ದನ್ನು ಒತ್ತಬೇಕು. ಉಡುಪಿ ಕಡೆಯ ಒಬ್ಬರು ಹೋಟೆಲ್ ಧನಿಗಳು ಐವತ್ತೆಂಟನೇ ವಯಸ್ಸಿನಲ್ಲಿ ಆ ಪರೀಕ್ಷೆಗೆ ಕೂತರು. ಹಿಂದಿನ ದಿನ ಅವರ ಗಲ್ಲಾದ ಎದುರೇ ನಿಂತು ಎಲ್ಲವನ್ನೂ ಬಾಯಿಪಾಠ ಮಾಡಿಸಿದ್ದೆ. ಆದರೂ ಫೇಲು.

"ಏನಾಯಿತು ಧನಿಗಳೇ?"

"ಶಾಲೆ ಎದುರು ಗಾಡಿ ಎಷ್ಟು ವೇಗದಲ್ಲಿ ಹೋಗಬೇಕು ಅಂತ ಒಂದು ಪ್ರಶ್ನೆ ಬಂತು ಮಾರಾಯ್ರೆ."

"ಇಪ್ಪತ್ತೈದು ಅಂತ ಹೇಳಿಕೊಟ್ಟಿದ್ದೆನಲ್ಲ!"

"ನೀವು ಹೇಳಿದ್ದು ಹೌದು. ಆದರೆ ನನ್ನ ಹೋಟೆಲು ಇರುವುದೇ ಶಾಲೆ ಎದುರು. ಮೂವತ್ತು ವರ್ಷ ಗಲ್ಲಾದಲ್ಲಿ ಕೂತು ನೋಡಿದ್ದೇನೆ. ಶಾಲೆ ಬಿಡುವ ಹೊತ್ತಿಗೆ ಮೂರು ಸಾಲು ಕಾರು, ಎರಡು ಬಸ್ಸು, ನಡುವೆ ಕುಲ್ಫಿ ಗಾಡಿ. ಅಲ್ಲಿ ಹೋಗುವ ವೇಗ ಸೊನ್ನೆ. ಆ ಕಂಪ್ಯೂಟರಿನಲ್ಲಿ ಸೊನ್ನೆ ಅನ್ನುವ ಉತ್ತರವೇ ಇಲ್ಲ. ಅಲ್ಲಿದ್ದ ಹುಡುಗಿಯನ್ನು ಕರೆದು ತೋರಿಸಿದೆ. 'ಅಂಕಲ್, ಪಚ್ಚೀಸ್ ದಬಾಯಿಯೇ ನಾ' ಅಂದಳು, ಇಪ್ಪತ್ತೈದು ಒತ್ತಿಬಿಡಿ ಅಂತ. ಕಣ್ಣಾರೆ ಕಂಡದ್ದನ್ನು ಬಿಟ್ಟು ಸುಳ್ಳು ಹೇಗೆ ಒತ್ತುವುದು? ಅವಳ ಹತ್ತಿರ ವಾದ ಮಾಡುತ್ತ ಮಾಡುತ್ತ ಟೈಮು ಮುಗಿಯಿತು."

ಎರಡನೇ ಸಲ ಪಾಸಾಗಿ ಬಂದರು. ಈ ಸಲ ಆ ಪ್ರಶ್ನೆ ಬರಲಿಲ್ಲವಾ ಅಂತ ಕೇಳಿದೆ.

"ಬಂತು. ಶಾಲೆಗೆ ರಜೆ ಅಂತ ತಿಳಿದುಕೊಂಡು ಇಪ್ಪತ್ತೈದು ಒತ್ತಿದೆ."

ವಾಚ್‌ಮನ್‌ನ ಓಟ

ನಾನು ಬಾಡಿಗೆಗಿರುವ ಬಿಲ್ಡಿಂಗಿನ ಸೆಕ್ರೆಟರಿಗೆ ಕಾನೂನು ಅಂದರೆ ಪ್ರಾಣ. ಸೊಸೈಟಿ ಕಾಂಪೌಂಡಿನೊಳಗೆ ಯಾರೋ ಜೋರಾಗಿ ಸ್ಕೂಟರ್ ತಂದರು ಅನ್ನುವ ಕಾರಣಕ್ಕೆ ಗೇಟಿನಲ್ಲಿ ಬೋರ್ಡು ಹಾಕಿಸಿದರು: 'ಗಂಟೆಗೆ ಹತ್ತು ಕಿಲೋಮೀಟರ್ ಮಾತ್ರ.' ಬೋರ್ಡು ಹಾಕಿದ ಮೇಲೆ ಅದನ್ನು ಜಾರಿ ಮಾಡುವವರು ಬೇಡವೇ? ವಾಚ್‌ಮನ್‌ನನ್ನು ಕರೆದರು. ಅವನು ಬಿಹಾರದವನು, ನಲವತ್ತು ದಾಟಿದವನು, ಸ್ವಲ್ಪ ಹೊಟ್ಟೆಯೂ ಇತ್ತು.

"ಸಾಬ್, ಹತ್ತೋ ಹನ್ನೊಂದೋ ಅಂತ ನನಗೆ ಹೇಗೆ ಗೊತ್ತಾಗಬೇಕು?" ಅಂತ ಕೇಳಿದ. ನ್ಯಾಯವಾದ ಪ್ರಶ್ನೆ.

ಸೆಕ್ರೆಟರಿ ಒಂದು ರಾತ್ರಿ ಯೋಚಿಸಿ ಉಪಾಯ ಹುಡುಕಿದರು. ಗಾಡಿ ಒಳಗೆ ಬಂದ ಕೂಡಲೇ ನೀನು ಅದರ ಪಕ್ಕದಲ್ಲಿ ಹೆಜ್ಜೆ ಹಾಕು. ಬಿರುಸಾಗಿ ನಡೆದರೆ ಸಾಕಾಯಿತು ಅಂದರೆ ಸರಿ. ಓಡಬೇಕಾಯಿತು ಅಂದರೆ ತಪ್ಪು, ನಂಬರ್ ಬರೆದುಕೋ.

ಮರುದಿನದಿಂದ ನಮ್ಮ ಬಿಲ್ಡಿಂಗಿಗೆ ಬಂದವರಿಗೆಲ್ಲ ಮಂತ್ರಿಗಳ ಸತ್ಕಾರ. ಯಾರ ಗಾಡಿ ಬಂದರೂ ಪಕ್ಕದಲ್ಲಿ ಯೂನಿಫಾರ್ಮಿನ ಒಬ್ಬ ಮನುಷ್ಯ ಬಾಗಿಲು ಹಿಡಿಯುವ ಹಾಗೆ ಜೊತೆಗೇ ಬರುತ್ತಿದ್ದ. ಮೂರನೇ ಮಹಡಿಯವರ ಬೀಗರು ಇದನ್ನು ನೋಡಿ, ಸಂಬಂಧ ದೊಡ್ಡ ಮನೆಯಲ್ಲೇ ಸಿಕ್ಕಿದೆ ಅಂತ ಖುಷಿಯಾಗಿ ಹೋದರು.

ಎರಡು ವಾರ ಕಳೆದ ಮೇಲೆ ಮಧ್ಯಾಹ್ನ ಒಂದು ಕಾರು ಗೇಟು ದಾಟಿ ಬುರ್ರಂತ ಒಳಗೆ ಬಂತು. ವಾಚ್‌ಮನ್ ಟೊಪ್ಪಿ ಕೈಯಲ್ಲಿ ಹಿಡಿದು ಓಡಿದ. ಪಾರ್ಕಿಂಗ್ ತನಕ ಓಡಿ, ಬಾನೆಟ್ ಮೇಲೆ ಕೈ ಊರಿ ಏದುಸಿರು ಬಿಡುತ್ತ ಪುಸ್ತಕ ತೆಗೆದ. ಕಾರಿನಿಂದ ಇಳಿದವರು ಸೆಕ್ರೆಟರಿ. ನೀರಿನ ಟ್ಯಾಂಕರ್ ಕಾಯುತ್ತ ನಿಂತಿದ್ದ ನಾವು ಹತ್ತು ಮಂದಿ ನೋಡುತ್ತಿದ್ದೆವು.

"ಸಾಬ್, ಓಡಬೇಕಾಯಿತು," ಅಂದ ವಾಚ್‌ಮನ್ ಬಹಳ ದುಃಖದಿಂದ.

ಸೆಕ್ರೆಟರಿ ನಮ್ಮನ್ನು ನೋಡಿದರು, ಅವನನ್ನು ನೋಡಿದರು, ಲಿಫ್ಟ್ ಹತ್ತಿದರು. ಕಾನೂನಿನ ಮನುಷ್ಯ, ಬೈಯುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ಮರುದಿನ ನೋಟಿಸ್ ಬೋರ್ಡಿನಲ್ಲಿ ಅವರದೇ ಸಹಿಯ ಕಾಗದ ಅಂಟಿತ್ತು:

"ವಾಚ್‌ಮನ್‌ನ ಓಟ ಸಾಕಷ್ಟು ಸುಧಾರಿಸಿರುವ ಕಾರಣ, ವೇಗದ ಮಿತಿಯನ್ನು ಹದಿನೈದಕ್ಕೆ ಏರಿಸಲಾಗಿದೆ."

ಹಳೇ ಟ್ಯಾಕ್ಸಿ

ಇದು ಚಿಕ್ಕದು. ಟ್ಯಾಕ್ಸಿಗಳಿಗೆ ವೇಗ ಹಿಡಿದಿಡುವ ಒಂದು ಯಂತ್ರ ಕೂರಿಸಬೇಕು ಅಂತ ನಿಯಮ. ಕಲಬುರಗಿ ಕಡೆಯ ಒಬ್ಬ ಟ್ಯಾಕ್ಸಿಯವನು ತನ್ನ ಹಳೇ ಗಾಡಿಯನ್ನು ತಪಾಸಣೆಗೆ ಆರ್‌ಟಿಒ ಆಫೀಸಿಗೆ ತಂದು ನಿಲ್ಲಿಸಿದ್ದ. ನಾನು ಬೇರೆ ಕೆಲಸಕ್ಕೆ ಅಲ್ಲೇ ನಿಂತಿದ್ದೆ. ಅಲ್ಲಿನ ಸಾಹೇಬರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು, "ಯಂತ್ರ ಎಲ್ಲಿ?"

ಅವನು ಹಿಂದಿಯಲ್ಲಿ ಹೇಳಿದ್ದನ್ನು ಆಮೇಲೆ ನನಗೆ ಕನ್ನಡದಲ್ಲೂ ಹೇಳಿದ: "ಐವತ್ತಕ್ಕ ಸ್ಟೀರಿಂಗ್ ನಡಗತೈತಿ, ಅರವತ್ತಕ್ಕ ಬಾಗಿಲಾ ತಗೀತೈತಿ. ಎಪ್ಪತ್ತಕ್ಕ ಒಳಗಿದ್ದ ಪ್ಯಾಸೆಂಜರೇ 'ಹೇ ರಾಮ್' ಅಂತ ಇಳದ ಬಿಡ್ತಾನ್ರೀ. ಇದರ ಮ್ಯಾಲೆ ಇನ್ನೊಂದ ಯಂತ್ರ ಯಾಕ?"

ಜಾಮಿನ ಫೋಟೋ

ನನ್ನ ಹತ್ತಿರ ಕಲಿತ ಹುಡುಗ, ಮಂಗಳೂರಿನವನು, ಈಗ ಮದುವೆಯಾಗಿ ಬೊರಿವಲಿಯಲ್ಲಿದ್ದಾನೆ. ಅವನ ಅತ್ತೆಯ ಮನೆ ವಡಾಲದಲ್ಲಿ. ಒಂದು ಭಾನುವಾರ ಅಲ್ಲಿ ಸತ್ಯನಾರಾಯಣ ಪೂಜೆ. ಹೆಂಡತಿ ಹಿಂದಿನ ದಿನವೇ ತಾಯಿ ಮನೆಗೆ ಹೋಗಿದ್ದಳು. ಇವನು ಬೆಳಿಗ್ಗೆ ಕಾರಿನಲ್ಲಿ ಹೊರಟವನು ದಾರಿ ಬಿಟ್ಟು ಚೆಂಬೂರಿನ ಸ್ನೇಹಿತನ ಮನೆಗೆ ನುಗ್ಗಿದ. ಅಲ್ಲಿ ಟಿವಿಯಲ್ಲಿ ಕ್ರಿಕೆಟ್ ಮ್ಯಾಚ್.

ಹತ್ತೂವರೆಗೆ ಹೆಂಡತಿಯ ಫೋನು. "ಎಲ್ಲಿದ್ದೀರಿ?"

"ಏನು ಹೇಳುವುದು, ಭಯಂಕರ ಜಾಮು. ಗಾಡಿ ಒಂದಿಂಚು ಅಲುಗಾಡುತ್ತಿಲ್ಲ."

ಹನ್ನೊಂದೂವರೆಗೆ ಮತ್ತೆ ಫೋನು. "ಇನ್ನೂ ಅಲ್ಲೇ. ಇಂಜಿನ್ ಆಫ್ ಮಾಡಿ ಕೂತಿದ್ದೇನೆ. ಬಿಸಿಲು ಬೇರೆ."

ಕೊನೆಯ ಓವರ್ ಮುಗಿದದ್ದೇ ಇವನು ಎದ್ದ. ಫ್ರೀವೇ ಹತ್ತಿ, ಅಲ್ಲಿನ ಬೋರ್ಡಿಗೂ ತನಗೂ ಸಂಬಂಧವೇ ಇಲ್ಲದ ಹಾಗೆ ಹಾರಿದ. ಮಹಾಮಂಗಳಾರತಿಗೆ ಸರಿಯಾಗಿ ಬಾಗಿಲಲ್ಲಿ ನಿಂತ. ಅತ್ತೆಗೆ ಕರುಳು ಚುರ್ರೆಂದಿತು. "ಪಾಪ, ಎರಡು ಗಂಟೆ ಬಿಸಿಲಲ್ಲಿ ಬೆಂದು ಬಂದಿದ್ದಾರೆ" ಅಂತ ಫ್ಯಾನಿನ ಕೆಳಗೆ ಕೂರಿಸಿ, ಮಜ್ಜಿಗೆ ಕೊಟ್ಟು, ಪ್ರಸಾದವನ್ನು ಎಲ್ಲರಿಗಿಂತ ಎರಡು ಪಟ್ಟು ಬಡಿಸಿದರು. ಇವನೂ ಸುಸ್ತಾದವನ ಹಾಗೆ ಕಣ್ಣು ಮುಚ್ಚಿಕೊಂಡು ತಿಂದ.

ಅವನು ಮರೆತ ಒಂದು ಸಂಗತಿ ಏನೆಂದರೆ, ಕಾರು ಇದ್ದದ್ದು ಹೆಂಡತಿಯ ಹೆಸರಿನಲ್ಲಿ. ಮೂರನೇ ದಿನ ಚಲಾನ್ ಬಂದದ್ದು ಅವಳ ಮೊಬೈಲಿಗೆ. ಜೊತೆಗೆ ಕ್ಯಾಮೆರಾ ತೆಗೆದ ಫೋಟೋ. ವಾರ, ಹೊತ್ತು, ನಂಬರ್ ಪ್ಲೇಟು ಎಲ್ಲ ಸ್ಪಷ್ಟ. ವೇಗ ನೂರಾ ನಾಲ್ಕು. ರಸ್ತೆಯಲ್ಲಿ ಹಿಂದೆ ಮುಂದೆ ಒಂದು ನರಪಿಳ್ಳೆ ಇಲ್ಲ.

ಅವಳು ಜಗಳ ಮಾಡಲಿಲ್ಲ. ಆ ಫೋಟೋವನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿ, ಕೆಳಗೆ 'ಭಾನುವಾರದ ಭಯಂಕರ ಜಾಮು' ಅಂತ ಬರೆದಳು. ಅಷ್ಟೇ. ಅತ್ತೆಯವರು ಅದಕ್ಕೆ ಕೈಮುಗಿದ ಚಿತ್ರ ಹಾಕಿದರು.

ಹುಡುಗ ಓಡಿಕೊಂಡು ನನ್ನ ಹತ್ತಿರ ಬಂದ. "ಮಾಸ್ಟ್ರೇ, ನಿಮಗೆ ಇದೆಲ್ಲ ಗೊತ್ತುಂಟು. ಚಲಾನಿನಲ್ಲಿ ತಿದ್ದುಪಡಿ ಮಾಡಿಸಲಿಕ್ಕೆ ಆಗ್ತದಾ?"

"ವೇಗ ತಪ್ಪು ಬರೆದಿದ್ದಾರಾ?"

"ವೇಗ ಎಷ್ಟು ಬೇಕಾದರೂ ಬರೆದುಕೊಳ್ಳಲಿ. ಆ ಫೋಟೋದಲ್ಲಿ ನಾಲ್ಕು ಗಾಡಿ ಸೇರಿಸಿ ಕೊಡ್ತಾರಾ ಕೇಳಿ!"

ಟೀಚರ್

ಕೊನೆಯದು ಹೇಳಲೋ ಬೇಡವೋ ಅಂತ ಬಹಳ ದಿನ ಯೋಚಿಸಿದ್ದೇನೆ, ಯಾಕೆಂದರೆ ಇದರಲ್ಲಿ ನನ್ನ ಮಾನವೂ ಹೋಗುತ್ತದೆ.

ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಿಯಾದ ಒಬ್ಬ ಟೀಚರ್ ಕಲಿಯಲಿಕ್ಕೆ ಬಂದರು. ವಯಸ್ಸು ಅರವತ್ತಮೂರು. ಗೆಳತಿಯರನ್ನು ಕೂರಿಸಿಕೊಂಡು ಒಂದು ಸಲ ಅಲಿಬಾಗಿಗೆ ತಾನೇ ಕಾರು ಓಡಿಸಿಕೊಂಡು ಹೋಗಬೇಕು ಅಂತ ಅವರ ಆಸೆ. ಮನೆಯಲ್ಲಿ ಹೇಳಿದಾಗ ಮಗ ಬಿದ್ದು ಬಿದ್ದು ನಕ್ಕನಂತೆ. "ಅಮ್ಮಾ, ನೀನು ಬಿಲ್ಡಿಂಗಿನ ಗೇಟು ದಾಟುವಷ್ಟರಲ್ಲಿ ಪೆಟ್ರೋಲು ಮುಗೀತದೆ."

ಮಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಟೀಚರ್ ಓಡಿಸುತ್ತಿದ್ದದ್ದು ಹದಿನೈದರಲ್ಲಿ. ಹಸಿರು ದೀಪ ಕಂಡರೆ ನಿಲ್ಲಿಸುತ್ತಿದ್ದರು. ಯಾಕೆ ಅಂದರೆ, "ಇನ್ನೇನು ಕೆಂಪು ಬರ್ತದಲ್ಲ." ಖಾಲಿ ರಸ್ತೆಯಲ್ಲಿ ಸ್ವಲ್ಪ ಒತ್ತಿ ಅಂದರೆ ನನಗೇ ಪಾಠ. "ಬೋರ್ಡಿನಲ್ಲಿ ಬರೆದಿರುವುದು ಗರಿಷ್ಠ ಮಾಸ್ಟ್ರೇ. ಕನಿಷ್ಠ ಎಷ್ಟು ಅಂತ ಎಲ್ಲಿ ಬರೆದಿದೆ, ತೋರಿಸಿ ನೋಡುವಾ." ಗಣಿತದವರ ಹತ್ತಿರ ಯಾರು ಮಾತಾಡುವುದು? ಬೇರೆಯವರಿಗೆ ಒಂದು ತಿಂಗಳ ಕೋರ್ಸು, ಇವರಿಗೆ ನಾಲ್ಕನೇ ತಿಂಗಳು ನಡೆಯುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಘಾಟ್ಕೋಪರಿನಿಂದ ಹೈವೇ ಹಿಡಿದು ಮುಲುಂಡ್ ಕಡೆ ಹೊರಟೆವು. ತಂಪು ಗಾಳಿ. ಗಾಡಿ ತೊಟ್ಟಿಲಿನ ಹಾಗೆ ಹೋಗುತ್ತಿತ್ತು. ನನಗೆ ನಿದ್ದೆ ಬಂದುಬಿಟ್ಟಿತು.

ಎಚ್ಚರವಾದದ್ದು ಒಂದು ವಿಚಿತ್ರ ಸದ್ದಿಗೆ. ನಮ್ಮ ಕಾರಿನ ಮೇಲಿದ್ದ 'ಎಲ್' ಬೋರ್ಡು ಗಾಳಿಗೆ ಪಟಪಟ ಬಡಿಯುತ್ತಿತ್ತು. ಕಣ್ಣು ಬಿಟ್ಟರೆ ಲಾರಿಗಳು ಹಿಂದಕ್ಕೆ ಹೋಗುತ್ತಿವೆ. ಮೊದಲು ನಾನು ಸತ್ತೆ ಅಂದುಕೊಂಡೆ. ಆಮೇಲೆ ಮುಳ್ಳು ನೋಡಿದೆ. ತೊಂಬತ್ತೊಂದು. ಆ ಕಾರಿನ ಮುಳ್ಳು ಆ ಕಡೆಗೂ ಹೋಗುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಟೀಚರ್ ಬೆನ್ನು ನೆಟ್ಟಗೆ ಮಾಡಿ, ಹಲ್ಲು ಕಚ್ಚಿ, ಸ್ಟೀರಿಂಗ್ ಹಿಡಿದು ಕೂತಿದ್ದಾರೆ. ನಾನು ನನ್ನ ಬ್ರೇಕನ್ನು ಮೆಲ್ಲ ಮೆಲ್ಲ ಒತ್ತಿ, ದೇವರ ಹೆಸರು ಹೇಳುತ್ತ ಗಾಡಿಯನ್ನು ಬದಿಗೆ ತರಿಸಿದೆ. ನಿಂತ ಜಾಗ ಯಾವುದು ಅಂದರೆ, ವೇಗ ಅಳೆಯುವ ಮಶೀನು ಹಿಡಿದು ನಿಂತಿದ್ದ ಟ್ರಾಫಿಕ್ ಪೊಲೀಸರ ಎದುರು.

"ಟೀಚರ್! ಏನಾಯಿತು ನಿಮಗೆ?"

"ಪಾವ್ ಮಾರುವವನು ನನ್ನನ್ನು ಓವರ್‌ಟೇಕ್ ಮಾಡಿದ ಮಾಸ್ಟ್ರೇ. ಸೈಕಲ್ಲಿನಲ್ಲಿ. ಮಾಡಿದ್ದಲ್ಲದೆ ಹಿಂದೆ ತಿರುಗಿ ನಕ್ಕ."

"ಸೈಕಲ್ ದಾಟಲಿಕ್ಕೆ ಇಪ್ಪತ್ತೈದು ಸಾಕಿತ್ತಲ್ಲ!"

"ಅವನನ್ನು ದಾಟಿದೆ. ಆಮೇಲೆ ಒಂದು ಟೆಂಪೋ ಸಿಕ್ಕಿತು. ಅದನ್ನೂ ದಾಟಿದೆ. ಆಮೇಲೆ ನಿಲ್ಲಿಸಲಿಕ್ಕೆ ಮನಸ್ಸೇ ಆಗಲಿಲ್ಲ."

ಹವಾಲ್ದಾರ ಕಾರಿನ ಮೇಲಿನ 'ಎಲ್' ನೋಡಿದ, ಕೈಯಲ್ಲಿದ್ದ ಮಶೀನು ನೋಡಿದ, ಮಶೀನಿಗೆ ಎರಡು ಪೆಟ್ಟು ಕೊಟ್ಟು ಮತ್ತೆ ನೋಡಿದ. ಆಮೇಲೆ ಸಾಹೇಬರನ್ನು ಕರೆದ. ಸಾಹೇಬರು ಬಗ್ಗಿ ಒಳಗೆ ನೋಡಿದರು. ಬಿಳಿ ಕೂದಲಿನ ಟೀಚರ್, ಪಕ್ಕದಲ್ಲಿ ಬೆವೆತ ನಾನು.

"ಕಲಿಸುವವರು ನೀವಾ? ಏನು ಮಾಡುತ್ತಿದ್ದಿರಿ?"

ನನ್ನ ಕೆಲಸ ಹೋಯಿತು ಅಂತ ಖಾತ್ರಿಯಾಯಿತು. "ಸಾಹೇಬ್, ರಸ್ತೆ ಸ್ವಲ್ಪ ಇಳಿಜಾರಿತ್ತು..." ಅಂತ ಶುರು ಮಾಡಿದೆ.

ಟೀಚರಿಗೆ ಸುಳ್ಳು ಸೇರುವುದಿಲ್ಲ. ಚೊಕ್ಕ ಮರಾಠಿಯಲ್ಲಿ ಹೇಳಿದರು, "ಇವರದೇನೂ ತಪ್ಪಿಲ್ಲ ಸಾಹೇಬ್. ಇವರಿಗೆ ಏನೂ ಗೊತ್ತಿಲ್ಲ. ನಿದ್ದೆ ಮಾಡುತ್ತಿದ್ದರು, ಪಾಪ."

ಸಾಹೇಬರು ನನ್ನ ಕಡೆ ತಿರುಗಿದರು. "ತೊಂಬತ್ತರಲ್ಲಿ ನಿದ್ದೆ ಬಂತಾ ನಿಮಗೆ?"

"ಇಲ್ಲ ಸಾಹೇಬ್. ನಿದ್ದೆ ಬಂದದ್ದು ಹದಿನೈದರಲ್ಲಿ."

ಅವರು ನನಗೆ ಹತ್ತು ನಿಮಿಷ ಸರಿಯಾಗಿ ಮಂಗಳಾರತಿ ಮಾಡಿದರು. ಬೈಸಿಕೊಳ್ಳಬೇಕಾದದ್ದೇ, ಬೈಸಿಕೊಂಡೆ. ಇನ್ನೊಂದು ಸಲ ಕಣ್ಣು ಮುಚ್ಚಿದ್ದು ಕಂಡರೆ ಸ್ಕೂಲೇ ಮುಚ್ಚಿಸುತ್ತೇನೆ ಅಂದರು. ಆಮೇಲೆ ಚಲಾನ್ ಮಾಡಲು ಕೈ ಹಾಕಿದರು. ಟೀಚರ್ ಕೆಳಗಿಳಿದು ಅವರ ಪಕ್ಕ ಬಂದು ನಿಂತರು, ಮಕ್ಕಳ ಲೆಕ್ಕದ ಪುಸ್ತಕ ತಿದ್ದುವವರ ಹಾಗೆ.

"ಎಷ್ಟು ಹಾಕಿದಿರಿ?"

"ಎಂಬತ್ತೊಂಬತ್ತು."

"ತಪ್ಪು. ತೊಂಬತ್ತೊಂದು."

"ಬಾಯಿಯವರೇ, ಮಶೀನು ತೋರಿಸಿದ್ದು ಎಂಬತ್ತೊಂಬತ್ತು."

"ಮಶೀನಿನ ಎದುರು ಬರುವ ಮೊದಲೇ ಇವರು ಬ್ರೇಕ್ ಒತ್ತಿಬಿಟ್ಟರು," ಅಂತ ನನ್ನನ್ನು ದುರುಗುಟ್ಟಿ ನೋಡಿದರು. "ಹೋಗಲಿ. ಯಾರ ಹೆಸರು ಬರೆದಿರಿ?"

"ಗಾಡಿ ಯಾರದೋ ಅವರದು. ಸ್ಕೂಲಿನ ಹೆಸರು."

"ಅದು ಹೇಗೆ? ಓಡಿಸಿದ್ದು ನಾನು. ನನ್ನ ಹೆಸರು ಬರಲೇಬೇಕು."

ಸಾಹೇಬರು ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು. ಇಷ್ಟು ವರ್ಷದ ನೌಕರಿಯಲ್ಲಿ ಹೆಸರು ಬಿಡಿ ಅಂತ ಕಾಲಿಗೆ ಬಿದ್ದವರನ್ನು ನೋಡಿದ್ದೇನೆ, ಸೇರಿಸಿ ಅಂತ ಹಟ ಹಿಡಿದವರು ನೀವೇ ಮೊದಲು ಅಂದರು. ಕೊನೆಗೆ ಚಾಲಕರ ಹೆಸರಿನ ಜಾಗದಲ್ಲಿ ಅವರ ಹೆಸರು ಹಾಕಿದರು. ಕಾಗುಣಿತ ಸರಿಯಿದೆಯಾ ಅಂತ ಟೀಚರ್ ಎರಡು ಸಲ ಓದಿ, ಕಾಗದ ಮಡಚಿ ಪರ್ಸಿನೊಳಗೆ ಇಟ್ಟುಕೊಂಡರು. ಹವಾಲ್ದಾರ ಯಾಕೋ ಅವರಿಗೊಂದು ಸೆಲ್ಯೂಟ್ ಹೊಡೆದ.

ಬರುವಾಗ ಗಾಡಿ ನಾನೇ ಓಡಿಸಿದೆ. ಟೀಚರ್ ಪಕ್ಕದಲ್ಲಿ ಕೂತು ಕಿಟಕಿಯ ಆಚೆ ನೋಡುತ್ತಿದ್ದರು. ಹೆದರಿ ಹೋಗಿದ್ದಾರೆ, ಇನ್ನು ಸ್ಟೀರಿಂಗ್ ಮುಟ್ಟಲಿಕ್ಕಿಲ್ಲ ಅನ್ನಿಸಿ ನನಗೆ ಸಂಕಟವಾಯಿತು.

"ಬೇಜಾರು ಮಾಡಿಕೊಳ್ಳಬೇಡಿ ಟೀಚರ್. ಕಲಿಯುವಾಗ ಹೀಗೆಲ್ಲ ಆಗ್ತದೆ."

"ಬೇಜಾರಲ್ಲ ಮಾಸ್ಟ್ರೇ, ಒಂದು ವಿಷಯ ಯೋಚನೆ ಮಾಡ್ತಿದ್ದೆ," ಅಂದರು ಟೀಚರ್, ಪರ್ಸಿನ ಮೇಲೆ ಕೈಯಿಟ್ಟುಕೊಂಡು. "ನಾನು ಗಾಡಿ ಓಡಿಸ್ತೇನೆ ಅಂತ ಸರ್ಕಾರವೇ ಬರೆದು ಕೊಟ್ಟಾಯಿತಲ್ಲ. ಇನ್ನು ಲೈಸೆನ್ಸಿಗೆ ಟೆಸ್ಟು ಬೇರೆ ಯಾಕೆ?"